ಮಹಾಕಥನಗಳ ಸಂದೇಹ, ಸತ್ಯದ ಹೊಣೆ: ಆಧುನಿಕೋತ್ತರವಾದವೂ ರಾಮನಗರ ಸೀಮೆಯ ಚರಿತ್ರೆಯೂ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಜಗತ್ತಿನಲ್ಲಿ ತಲೆಯೆತ್ತಿ, ಸಾಹಿತ್ಯ, ತತ್ವಶಾಸ್ತ್ರ, ವಾಸ್ತುಶಿಲ್ಪ, ಚಲನಚಿತ್ರ, ಇತಿಹಾಸ ರಚನೆ ಹೀಗೆ ಎಲ್ಲ ಕ್ಷೇತ್ರಗಳನ್ನೂ ಆವರಿಸಿದ ಚಿಂತನೆಯನ್ನು ಆಧುನಿಕೋತ್ತರವಾದ ಎಂದು ಕರೆಯಲಾಗುತ್ತದೆ. ಇದು ಒಂದೇ ಗ್ರಂಥವಿರುವ, ಒಬ್ಬನೇ ಸ್ಥಾಪಕನಿರುವ ಸಿದ್ಧಾಂತವಲ್ಲ. ಅದೊಂದು ಮನೋಭಾವ. ಎಲ್ಲವನ್ನೂ ಏಕಸೂತ್ರದಲ್ಲಿ ವಿವರಿಸುತ್ತೇವೆ ಎನ್ನುವ ದೊಡ್ಡ ವಿವರಣೆಗಳನ್ನು ನಂಬಲು ಒಲ್ಲದ ಮನೋಭಾವ. ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಈ ಹೆಸರನ್ನು ಪಠ್ಯದಲ್ಲಿ ಕೇಳುತ್ತಾರೆ. ಹೆಸರು ಕೇಳದವರೂ ಅದರ ಗಾಳಿಯಲ್ಲೇ ಉಸಿರಾಡುತ್ತಿದ್ದಾರೆ. "ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ", "ಇತಿಹಾಸವೆಂದರೆ ಗೆದ್ದವರು ಬರೆದ ಕಥೆ" ಎಂಬಂಥ ಮಾತುಗಳು ಮೊಬೈಲಿನ ಮೂಲಕ ಮನೆಮನೆಗೂ ಬಂದಿವೆ.

ಈ ಚಿಂತನೆಯನ್ನು ನಾವು ಹೇಗೆ ಸ್ವೀಕರಿಸಬೇಕು? ಪಶ್ಚಿಮದಿಂದ ಬಂದದ್ದೆಂದು ಸಾರಾಸಗಟಾಗಿ ತಳ್ಳಿಹಾಕುವವರಿದ್ದಾರೆ. ಹೊಸತೆಂದು ಕಣ್ಣುಮುಚ್ಚಿ ಅಪ್ಪಿಕೊಳ್ಳುವವರೂ ಇದ್ದಾರೆ. ಎರಡೂ ನ್ಯಾಯವಾದ ಮಾರ್ಗವಲ್ಲ. ಆಧುನಿಕೋತ್ತರವಾದದಲ್ಲಿ ಎರಡು ಮಾತುಗಳಿವೆ. "ಈ ಕಥೆಯನ್ನು ಹೇಳುತ್ತಿರುವವನು ಯಾರು?" ಎಂಬ ಪ್ರಶ್ನೆ ಮೊದಲನೆಯದು. "ಆದ್ದರಿಂದ ಸತ್ಯವೆಂಬುದೇ ಇಲ್ಲ" ಎಂಬ ತೀರ್ಮಾನ ಎರಡನೆಯದು. ಮೊದಲನೆಯದು ನಮಗೆ ಬೇಕು. ಎರಡನೆಯದು ನಮ್ಮನ್ನು, ಅದರಲ್ಲೂ ದುರ್ಬಲರನ್ನು, ನಿರಾಯುಧರನ್ನಾಗಿ ಮಾಡುತ್ತದೆ. ಇದನ್ನು ತತ್ವದ ಮಾತಿನಲ್ಲಷ್ಟೇ ಹೇಳದೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಚರಿತ್ರೆಯ ಆಧಾರದಲ್ಲಿ ಪರಿಶೀಲಿಸೋಣ.

ಅಲ್ಜೀರಿಯಾದ ನೆಲದಿಂದ

ಆಧುನಿಕೋತ್ತರವಾದವನ್ನು ಪ್ಯಾರಿಸ್ಸಿನ ವಿದ್ವಾಂಸರ ಸೃಷ್ಟಿಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಆ ವಿದ್ವಾಂಸರ ಬದುಕನ್ನು ನೋಡಿದರೆ ಅವರಲ್ಲಿ ಹಲವರು ಉತ್ತರ ಆಫ್ರಿಕದ ಮುಸ್ಲಿಮ್ ನಾಡುಗಳೊಡನೆ ನಂಟು ಹೊಂದಿದ್ದವರೆಂಬುದು ತಿಳಿಯುತ್ತದೆ. ಫ್ರಾನ್ಸ್ 1830ರಲ್ಲಿ ಅಲ್ಜೀರಿಯಾವನ್ನು ಆಕ್ರಮಿಸಿತು. ಪ್ರಗತಿ, ವಿವೇಕ, ನಾಗರಿಕತೆಗಳ ಹೆಸರಿನಲ್ಲಿ ಆ ಆಳ್ವಿಕೆಯನ್ನು ಸಮರ್ಥಿಸಿಕೊಂಡಿತು. 1954ರಿಂದ 1962ರವರೆಗೆ ನಡೆದ ಸ್ವಾತಂತ್ರ್ಯ ಸಮರದಲ್ಲಿ ಅದೇ ನಾಗರಿಕತೆ ಚಿತ್ರಹಿಂಸೆಯ ಕೋಣೆಗಳನ್ನು ನಡೆಸಿತು. ಝಾನ್ ಫ್ರಾಂಸ್ವಾ ಲ್ಯೋತಾರ್ ಆ ಸಮರಕ್ಕೆ ಮುಂಚೆ, 1950ರಿಂದ ಎರಡು ವರ್ಷ, ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರದಲ್ಲಿ ಅಧ್ಯಾಪಕರಾಗಿದ್ದರು. ಝಾಕ್ ಡೆರಿಡಾ 1930ರಲ್ಲಿ ಅಲ್ಜಿಯರ್ಸ್ ಬಳಿಯ ಎಲ್ ಬಿಯಾರ್‌ನಲ್ಲಿ ಜನಿಸಿದ ಯಹೂದಿ. 1942ರಲ್ಲಿ ಯಹೂದಿ ಎಂಬ ಒಂದೇ ಕಾರಣಕ್ಕೆ ಆ ಬಾಲಕನನ್ನು ಶಾಲೆಯಿಂದ ಹೊರಹಾಕಲಾಯಿತು. ಮಿಶೆಲ್ ಫೂಕೊ 1966ರಿಂದ 1968ರವರೆಗೆ ಟ್ಯುನೀಸಿಯಾದ ಟ್ಯೂನಿಸ್‌ನಲ್ಲಿ ಪಾಠ ಹೇಳಿದರು.

ಯುರೋಪಿನ ಮಹಾಕಥನವು ಆಳಲ್ಪಟ್ಟವರ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು ಇವರು ಹತ್ತಿರದಿಂದ ಕಂಡಿದ್ದರು. ಲ್ಯೋತಾರ್ 1979ರಲ್ಲಿ ಕೆನಡಾದ ಕ್ವಿಬೆಕ್ ಸರಕಾರದ ವಿಶ್ವವಿದ್ಯಾಲಯ ಮಂಡಳಿಗಾಗಿ ಬರೆದ ವರದಿಯಲ್ಲಿ, ಮಹಾಕಥನಗಳ ಮೇಲಿನ ಅವಿಶ್ವಾಸವೇ ಆಧುನಿಕೋತ್ತರ ಸ್ಥಿತಿಯ ಲಕ್ಷಣವೆಂದು ನಿರೂಪಿಸಿದರು. ಜ್ಞಾನಕ್ಕೂ ಅಧಿಕಾರಕ್ಕೂ ಇರುವ ಸಂಬಂಧವನ್ನು ಫೂಕೊ ತೋರಿಸಿದರು. ಒಂದು ಪಠ್ಯ ತಾನು ಹೇಳುವೆನೆಂದುಕೊಂಡದ್ದನ್ನು ತಾನೇ ಹೇಗೆ ಒಡೆಯುತ್ತದೆ ಎಂಬುದನ್ನು ಡೆರಿಡಾ ಬಿಡಿಸಿಟ್ಟರು. ಜೆರುಸಲೇಮಿನಲ್ಲಿ ಜನಿಸಿದ ಎಡ್ವರ್ಡ್ ಸಯೀದ್ ಫೂಕೊ ಅವರ ವಿಧಾನವನ್ನು ಭಾಗಶಃ ಬಳಸಿಕೊಂಡು, 1978ರಲ್ಲಿ ಪ್ರಕಟವಾದ 'ಓರಿಯೆಂಟಲಿಸಂ' ಕೃತಿಯಲ್ಲಿ, ಪಾಶ್ಚಾತ್ಯ ವಿದ್ವತ್ತು ಅರಬರನ್ನೂ ಮುಸ್ಲಿಮರನ್ನೂ ಹೇಗೆ ಒಂದು ಸಿದ್ಧ ಅಚ್ಚಿನಲ್ಲಿ ಎರಕ ಹೊಯ್ದಿತೆಂಬುದನ್ನು ಬಯಲಿಗೆಳೆದರು. ಆದರೆ ಸಯೀದ್ ಸತ್ಯವಿಲ್ಲವೆಂದು ಹೇಳಲಿಲ್ಲ. ಮನುಷ್ಯರ ನಿಜವಾದ ಬದುಕನ್ನು ಆ ಅಚ್ಚು ಮರೆಮಾಡಿತೆಂಬುದೇ ಅವರ ಆಕ್ಷೇಪವಾಗಿತ್ತು. ಈ ವ್ಯತ್ಯಾಸವನ್ನು ಓದುಗರು ಗಮನದಲ್ಲಿಡಬೇಕು.

ಕನ್ನಡ ಸಾಹಿತ್ಯದಲ್ಲಿ

ಲ್ಯೋತಾರ್ ಅವರ ವರದಿ ಹೊರಬಂದ 1979ರಲ್ಲಿಯೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಇವೆರಡಕ್ಕೂ ನೇರ ಸಂಬಂಧವಿಲ್ಲ. ಬಂಡಾಯದವರು ಪ್ಯಾರಿಸ್ಸನ್ನು ನೋಡಿ ಬರೆಯಲಿಲ್ಲ, ತಮ್ಮ ಕೇರಿಯನ್ನು ನೋಡಿ ಬರೆದರು. ಆದರೂ ಎತ್ತಿದ ಪ್ರಶ್ನೆ ಹತ್ತಿರದ್ದು. ನವ್ಯ ಸಾಹಿತ್ಯ 'ಮನುಷ್ಯ' ಎಂದು ಕರೆದಾಗ ಅವನ ಜಾತಿ ಯಾವುದು, ಅವನ ಭಾಷೆ ಯಾವುದು, ಹೆಂಗಸರು ಎಲ್ಲಿದ್ದಾರೆ ಎಂದು ದಲಿತ, ಬಂಡಾಯ ಮತ್ತು ಸ್ತ್ರೀವಾದಿ ಲೇಖಕರು ಕೇಳಿದರು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ನಂಜನಗೂಡು ಸೀಮೆಯ ಆಡುನುಡಿಯನ್ನೇ ಕಾದಂಬರಿಯ ಭಾಷೆಯನ್ನಾಗಿಸಿತು. ಅಲ್ಲಿ ದೀಪಗಳೂ ಮಾತನಾಡುತ್ತವೆ, ಕಥೆಗೆ ಒಬ್ಬನೇ ಯಜಮಾನನಿಲ್ಲ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಡಿ.ಆರ್. ನಾಗರಾಜ್ ಪಾಶ್ಚಾತ್ಯ ಸಿದ್ಧಾಂತಗಳನ್ನು ಆಳವಾಗಿ ಅರಗಿಸಿಕೊಂಡವರು. ಅವರು ಅವುಗಳ ಅನುವಾದಕರಾಗದೆ, ವಚನಕಾರರು, ಸಿದ್ಧರು, ಕುಶಲಕರ್ಮಿಗಳ ಜ್ಞಾನಪರಂಪರೆಯತ್ತ ನಮ್ಮ ಕಣ್ಣು ತಿರುಗಿಸಿದರು. ಅವರ 'ಸಾಹಿತ್ಯ ಕಥನ' ಕೃತಿಗೆ ಮರಣಾನಂತರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಮುಸ್ಲಿಮ್ ಬದುಕು ಕನ್ನಡದಲ್ಲಿ ತನ್ನ ಸ್ವಂತ ದನಿಯಿಂದ ವ್ಯಾಪಕವಾಗಿ ಕೇಳಿಬಂದದ್ದೂ ಇದೇ ಅವಧಿಯಲ್ಲಿ. ಅದಕ್ಕೆ ಮೊದಲು ಕಥೆಗಳಲ್ಲಿ ನಾವು ಹೆಚ್ಚಾಗಿ ಸಾಬಿಯ ಪಾತ್ರವಾಗಿ, ಇಲ್ಲವೇ ಸೌಹಾರ್ದದ ದೃಷ್ಟಾಂತವಾಗಿ ಬರುತ್ತಿದ್ದೆವು. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇವರ ಬರವಣಿಗೆಯಲ್ಲಿ ಮುಸ್ಲಿಮರು ಲೋಪದೋಷಗಳಿರುವ ಸಾಮಾನ್ಯ ಮನುಷ್ಯರಾದರು. ಕಾಸರಗೋಡಿನಲ್ಲಿ ಜನಿಸಿದ ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ತಲಾಕಿನ ದುರುಪಯೋಗದಡಿ ನಲುಗುವ ಹೆಣ್ಣಿನ ಕಥೆ. ಹಾಸನದ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಇವರ ಎಲ್ಲ ನಿಲುವುಗಳನ್ನು ಎಲ್ಲರೂ ಒಪ್ಪಲೇಬೇಕೆಂದಿಲ್ಲ. ಆದರೆ ಪಶ್ಚಿಮದ ಮಹಾಕಥನವನ್ನು ಪ್ರಶ್ನಿಸಿದಾಗ ಸಂತೋಷಪಡುವ ನಾವು, ನಮ್ಮ ಮನೆಯೊಳಗಿನ ಹೆಣ್ಣುಮಗಳು ಪ್ರಶ್ನೆಯೆತ್ತಿದಾಗ ಕಿವಿ ಮುಚ್ಚಿಕೊಂಡರೆ ಅದು ನ್ಯಾಯವಾಗುವುದಿಲ್ಲ.

ಒಂದು ಊರು, ಹಲವು ಹೆಸರು

ಈಗ ನಮ್ಮ ಸೀಮೆಗೆ ಬರೋಣ. ರಾಮನಗರವನ್ನು ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಎಂದು ಕರೆಯುತ್ತಿದ್ದರೆಂಬ ಹೇಳಿಕೆಯಿದೆ. ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯನವರು ಇಲ್ಲಿ ಪೇಟೆಯನ್ನು ಕಟ್ಟಿಸಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಅದು ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯಾನಂತರ, ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ, ರಾಮನಗರವೆಂಬ ಹೆಸರು ಬಂದಿತು. 2007ರಲ್ಲಿ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ತೀರ್ಮಾನಿಸಿತು. ಸುಲ್ತಾನರ ಕಥನ, ಕಂಪನಿಯ ಕಥನ, ರಾಷ್ಟ್ರದ ಕಥನ, ಕೊನೆಗೆ ಮಹಾನಗರದ ಜಮೀನಿನ ಬೆಲೆಯ ಕಥನ ಒಂದರ ಮೇಲೊಂದು ಬಂದಿವೆ. ಅಧಿಕಾರ ತನ್ನನ್ನು ಹೆಸರಿನಲ್ಲಿ ಬರೆದುಕೊಳ್ಳುತ್ತದೆ ಎಂದು ಆಧುನಿಕೋತ್ತರ ಚಿಂತಕರು ಹೇಳುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆದರೆ ಇಲ್ಲಿಯೇ ಇನ್ನೊಂದು ಸಂಗತಿಯಿದೆ. ಊರಿನ ಸುತ್ತಲಿನ ಬೃಹತ್ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಶಿಲೆಯ ಹೆಸರು ಮನುಷ್ಯ ಕೊಟ್ಟದ್ದು. ಅದರ ವಯಸ್ಸು ಯಾವ ದಿವಾನನೂ ರೆಸಿಡೆಂಟನೂ ಸಚಿವ ಸಂಪುಟವೂ ಕೊಟ್ಟದ್ದಲ್ಲ. ಹೆಸರುಗಳು ಅಧಿಕಾರದಿಂದ ಬರುತ್ತವೆ ಎಂಬ ಮಾತ್ರಕ್ಕೆ ಹೆಸರಿಡಲ್ಪಟ್ಟ ವಸ್ತುವೂ ಕಲ್ಪನೆಯೆಂದು ಹೇಳಲಾಗದು.

ಟಿಪ್ಪು ಸುಲ್ತಾನರ ಚರಿತ್ರೆಗೂ ಇದು ಅನ್ವಯಿಸುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್, ಚನ್ನಪಟ್ಟಣ ಕೋಟೆಯ ಉತ್ತರಕ್ಕಿರುವ ಗೋರಿಗಳಲ್ಲಿ ಒಂದನ್ನು ಟಿಪ್ಪು ತಮ್ಮ ಧಾರ್ಮಿಕ ಗುರು ಅಕೀಲ್ ಶಾ ಖಾದ್ರಿಯವರಿಗಾಗಿ ಕಟ್ಟಿಸಿದರೆಂದು ದಾಖಲಿಸಿದೆ. ಅದೇ ಗೆಜೆಟಿಯರ್, ಶ್ರೀರಂಗಪಟ್ಟಣದತ್ತ ಸಾಗುವ ಬ್ರಿಟಿಷ್ ಸೈನ್ಯಕ್ಕೆ ಏನೂ ಸಿಗಬಾರದೆಂದು ಕನಕಪುರವನ್ನು, ಅಂದಿನ ಕಾನಕಾನಹಳ್ಳಿಯನ್ನು, ಟಿಪ್ಪು ಎರಡು ಬಾರಿ ಹಾಳುಗೆಡಹಿದರೆಂದೂ ಹೇಳುತ್ತದೆ. ಮಾಗಡಿ ಸೀಮೆಯ ಸಾವನದುರ್ಗ 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಪಡೆಗಳ ವಶವಾಯಿತು. ನಮ್ಮ ಪ್ರೀತಿಯ ಕಥನ ಚನ್ನಪಟ್ಟಣದ ಗೋರಿಯನ್ನು ಹೇಳಿ ಕನಕಪುರದ ಬೂದಿಯನ್ನು ಬಿಟ್ಟುಬಿಡುತ್ತದೆ. ದ್ವೇಷದ ಕಥನ ಬೂದಿಯನ್ನು ಹೇಳಿ ಉಳಿದೆಲ್ಲವನ್ನೂ ಬಿಡುತ್ತದೆ. ಎರಡೂ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಇತಿಹಾಸಕಾರನಿಗಿರಬೇಕು. ಯುದ್ಧಕಾಲದ ಒಬ್ಬ ಅರಸನ ಕೃತ್ಯಗಳಿವು. ಇವುಗಳಲ್ಲಿ ಯಾವುದನ್ನೂ ಮುಚ್ಚಿಡುವ ಅಗತ್ಯ ನಮ್ಮ ಧರ್ಮಕ್ಕಿಲ್ಲ. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ಹೇಳಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ ಸ್ಪಷ್ಟ ಆದೇಶ.

ಕನ್ನಡ ರಂಗಭೂಮಿ ಈ ಸಮಸ್ಯೆಯನ್ನು ಗಂಭೀರವಾಗಿ ಎದುರಿಸಿದೆ. ಟಿಪ್ಪು ತಮ್ಮ ಕೈಯಿಂದಲೇ ಪಾರ್ಸಿಯಲ್ಲಿ ಬರೆದಿಟ್ಟ 37 ಕನಸುಗಳ ದಾಖಲೆ ಇಂದು ಲಂಡನ್ನಿನಲ್ಲಿದೆ. ಅದನ್ನಾಧರಿಸಿ ಗಿರೀಶ ಕಾರ್ನಾಡರು ಬರೆದ ನಾಟಕದಲ್ಲಿ ಸುಲ್ತಾನರ ಆಸ್ಥಾನದ ಇತಿಹಾಸಕಾರ ಕಿರ್ಮಾನಿಯೂ, ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಝಿಯೂ ಎದುರುಬದುರಾಗಿ ಕೂರುತ್ತಾರೆ. ಸೋತವರ ಚರಿತ್ರೆಯನ್ನು ಗೆದ್ದವರ ಮೇಜಿನ ಮೇಲೆ ಹೇಗೆ ಬರೆಯುವುದೆಂಬುದೇ ಅಲ್ಲಿನ ಚಿಂತೆ. ಆಧುನಿಕೋತ್ತರ ಪ್ರಜ್ಞೆ ಸೃಜನಶೀಲವಾಗಿ ಬಳಕೆಯಾದ ಉದಾಹರಣೆಯಿದು. ನಾಟಕಕಾರರು ದಾಖಲೆಯನ್ನು ಕೈಬಿಡಲಿಲ್ಲ, ದಾಖಲೆಯ ಮುಂದೆ ನಿಂತು ಪ್ರಶ್ನೆ ಕೇಳಿದರು.

ಬಿಂಬವು ನಿಜವನ್ನು ಮರೆಮಾಡಿದಾಗ

ಫ್ರೆಂಚ್ ಚಿಂತಕ ಝಾನ್ ಬೋದ್ರಿಲಾ 1981ರ ತಮ್ಮ ಕೃತಿಯಲ್ಲಿ, ನಮ್ಮ ಕಾಲದಲ್ಲಿ ಬಿಂಬವು ಮೂಲವನ್ನು ಹಿಂಬಾಲಿಸದೆ ಮೂಲದ ಸ್ಥಾನವನ್ನೇ ಆಕ್ರಮಿಸುತ್ತದೆ ಎಂದು ವಾದಿಸಿದರು. ಇದನ್ನು ಅರಿಯಲು ರಾಮದೇವರ ಬೆಟ್ಟಕ್ಕೆ ಹೋದರೆ ಸಾಕು. 1973ರಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿಗೆ ಬಂದು ರಾಮಗಢವೆಂಬ ಇಲ್ಲದ ಹಳ್ಳಿಯನ್ನು ನಿರ್ಮಿಸಿತು. 1975ರ ಆಗಸ್ಟ್ 15ರಂದು 'ಶೋಲೆ' ತೆರೆಕಂಡಿತು. ಇಲ್ಲದ ಊರಿನ ಹೆಸರು ದೇಶವೆಲ್ಲ ಹರಡಿತು. ಇಂದಿಗೂ ಪ್ರವಾಸಿಗರು ಗಬ್ಬರನ ಬಂಡೆ ಯಾವುದೆಂದು ಕೇಳಿಕೊಂಡು ಬರುತ್ತಾರೆ. ಆ ಬಂಡೆಗಳ ನಿಜವಾದ ನಿವಾಸಿಗಳಾದ ರಣಹದ್ದುಗಳಿಗಾಗಿ 2012ರಲ್ಲಿ ಅಲ್ಲಿ ಧಾಮ ಘೋಷಣೆಯಾಯಿತೆಂಬುದು ಬಹುಮಂದಿಗೆ ತಿಳಿಯದು.

ಆ ಚಿತ್ರದಲ್ಲಿ ಕಣ್ಣಿಲ್ಲದ ಒಬ್ಬ ಇಮಾಮರಿದ್ದಾರೆ. ಮಗನನ್ನು ಕಳೆದುಕೊಂಡ ಆ ವೃದ್ಧರ ಪಾತ್ರ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿತು. ಅದು ಕೆಟ್ಟ ಚಿತ್ರಣವಲ್ಲ, ಗೌರವದ ಚಿತ್ರಣವೇ. ಆದರೆ ಯೋಚಿಸಿ ನೋಡೋಣ. ರಾಮನಗರದ ಬೆಟ್ಟಗಳ ನಡುವೆ ಬದುಕಿದ ಮುಸ್ಲಿಮರಲ್ಲಿ ಜಗತ್ತಿಗೆ ಅತ್ಯಂತ ಪರಿಚಿತನಾದವನು ಎಂದೂ ಹುಟ್ಟದ ಒಬ್ಬ ಕಲ್ಪಿತ ಇಮಾಮ. ಆ ಬೆಟ್ಟದ ತಪ್ಪಲಲ್ಲಿ ಬಿಸಿನೀರಿನ ತೊಟ್ಟಿಗೆ ಕೈಯಿಟ್ಟು ರೇಷ್ಮೆ ಎಳೆ ತೆಗೆದ ಸಾವಿರಾರು ಕುಟುಂಬಗಳ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ.

ಸಾವನದುರ್ಗದ್ದೂ ಇಂಥದೇ ಕಥೆ. ಇ.ಎಂ. ಫಾರ್‌ಸ್ಟರ್ 1924ರ ತಮ್ಮ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಬಿಹಾರದ ಬರಾಬರ್ ಗುಹೆಗಳನ್ನು ಮರಾಬರ್ ಎಂದು ಕಲ್ಪಿಸಿದ್ದರು. ಡೇವಿಡ್ ಲೀನ್ ಅದನ್ನು 1984ರಲ್ಲಿ ಚಲನಚಿತ್ರವನ್ನಾಗಿಸಿದಾಗ ಮಾಗಡಿಯ ಬಂಡೆಯೇ ಮರಾಬರ್ ಆಯಿತು. ಬಿಹಾರದ ಬೆಟ್ಟದ ಕಲ್ಪಿತ ರೂಪಕ್ಕೆ ಮಾಗಡಿಯ ಕಲ್ಲು ವೇಷ ಹಾಕಿತು. ಆ ಕಥೆಯ ನಾಯಕ ಡಾಕ್ಟರ್ ಅಝೀಝ್ ಮುಸ್ಲಿಮ್ ವೈದ್ಯ. ಗುಹೆಯಲ್ಲಿ ಇಂಗ್ಲಿಷ್ ಯುವತಿಯ ಮೇಲೆ ಆಕ್ರಮಣ ಮಾಡಿದನೆಂಬ ಆರೋಪ ಅವನ ಮೇಲೆ ಬರುತ್ತದೆ. ವಿಚಾರಣೆಗೆ ಮೊದಲೇ ಆಳುವವರ ಸಮಾಜ ಅವನನ್ನು ಅಪರಾಧಿಯೆಂದು ತೀರ್ಮಾನಿಸಿರುತ್ತದೆ. ಕೊನೆಗೆ ಆ ಯುವತಿಯೇ ನ್ಯಾಯಾಲಯದಲ್ಲಿ ಆರೋಪವನ್ನು ಹಿಂತೆಗೆದುಕೊಳ್ಳುತ್ತಾಳೆ. ಸತ್ಯವೆಂಬುದೇ ಇಲ್ಲ, ಇರುವುದು ಕಥನಗಳು ಮಾತ್ರ ಎಂದು ಆ ನ್ಯಾಯಾಲಯ ಭಾವಿಸಿದ್ದರೆ ಅಝೀಝನ ಗತಿಯೇನಾಗುತ್ತಿತ್ತು? ಆರೋಪ ಹೊತ್ತವನಿಗೆ ಇರುವ ಒಂದೇ ಆಸರೆ ನಿಜವಾಗಿ ನಡೆದದ್ದು ಏನೆಂಬ ಪ್ರಶ್ನೆ.

ಗೊಂಬೆ, ನೂಲು ಮತ್ತು ಸಣ್ಣ ಕಥನಗಳು

ಆಧುನಿಕೋತ್ತರವಾದದ ದೊಡ್ಡ ಕೊಡುಗೆಯೆಂದರೆ ಸಣ್ಣ ಕಥನಗಳಿಗೆ ದೊರೆತ ಗೌರವ. ಅರಸರ ವಂಶಾವಳಿಯ ಜೊತೆಗೆ ಕಸುಬುದಾರರ ಬದುಕೂ ಇತಿಹಾಸವೆಂಬ ಅರಿವು ವಿದ್ವತ್ ವಲಯದಲ್ಲಿ ಗಟ್ಟಿಯಾಯಿತು. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಲೋಕಾರ್ಪಣೆ ಮಾಡಿಸಿದರು. ಪಾಶ್ಚಾತ್ಯ ಸಿದ್ಧಾಂತದ ಹಂಗಿಲ್ಲದೆ, ಹಳ್ಳಿಗರ ಮೇಲಿನ ಪ್ರೀತಿಯಿಂದಲೇ ಅವರು ಒನಕೆ, ಬೀಸುವ ಕಲ್ಲು, ನೇಗಿಲು, ತೊಗಲುಗೊಂಬೆಗಳನ್ನು ಚರಿತ್ರೆಯ ಸಾಮಗ್ರಿಯೆಂದು ಸಂಗ್ರಹಿಸಿದರು. ರಹಮತ್ ತರೀಕೆರೆಯವರು ಸೂಫಿಗಳನ್ನೂ ಮೊಹರಂ ಆಚರಣೆಯನ್ನೂ ಊರೂರು ಅಲೆದು ಅಭ್ಯಾಸ ಮಾಡಿದ ಕೃತಿಗಳು ಇದೇ ದಾರಿಯವು.

ಚನ್ನಪಟ್ಟಣದ ಗೊಂಬೆಗಳನ್ನು ಬಲ್ಲದವರಿಲ್ಲ. ಆಲೆ ಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ಬಳಿಕ ಒಣಗಿದ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಈ ಕಸುಬಿನ ಹುಟ್ಟಿನ ಬಗ್ಗೆ ಎರಡು ಕಥನಗಳಿವೆ. ಟಿಪ್ಪು ಪರ್ಷಿಯದ ಕುಶಲಕರ್ಮಿಗಳನ್ನು ಕರೆಸಿದರೆಂಬುದು ಒಂದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ವಿಧಾನಗಳನ್ನು ಅಳವಡಿಸಿ ಕಸುಬಿಗೆ ಹೊಸ ರೂಪ ಕೊಟ್ಟರೆಂಬುದು ಇನ್ನೊಂದು. ನಾವು ಸಾಮಾನ್ಯವಾಗಿ ಸುಲ್ತಾನರ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಬಾವಾಸ್ ಮಿಯಾನರನ್ನು ಮರೆಯುತ್ತೇವೆ. ಅರಸನ ಹೆಸರಿಲ್ಲದೆ ಕಸುಬಿಗೆ ಮರ್ಯಾದೆಯಿಲ್ಲವೆಂಬ ಭಾವನೆ ನಮ್ಮಲ್ಲೂ ಬೇರೂರಿದೆ. ಚನ್ನಪಟ್ಟಣ ಒಂದು ಕಾಲದಲ್ಲಿ ವಾದ್ಯಗಳ ತಂತಿಗೆ ಬೇಕಾದ ನಯವಾದ ಉಕ್ಕಿನ ಎಳೆಗೂ ಗಾಜಿನ ಬಳೆಗಳಿಗೂ ಹೆಸರಾಗಿತ್ತೆಂದು ಗೆಜೆಟಿಯರ್ ಹೇಳುತ್ತದೆ. ಆ ತಂತಿ ಎಳೆದವರ ನೆನಪು ಇಂದು ಜನಮನದಲ್ಲಿ ಇಲ್ಲವಾಗಿದೆ.

ರೇಷ್ಮೆಯ ಕಥೆ ಇನ್ನೂ ವಿಸ್ತಾರವಾದುದು. ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳುವಿನ ಮೊಟ್ಟೆ ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದ್ದು ಪ್ರಸಿದ್ಧ. ಆದರೆ ಎರಡು ಶತಮಾನ ಅದನ್ನು ಉಳಿಸಿದವರು ಕನಕಪುರ, ಮಾಗಡಿ, ರಾಮನಗರಗಳ ಹಿಪ್ಪುನೇರಳೆ ಬೆಳೆಗಾರರು ಮತ್ತು ಗೂಡಿನಿಂದ ನೂಲು ಬಿಚ್ಚುವ ರೀಲರುಗಳು. ಬೆಳೆಗಾರರಲ್ಲಿ ಹೆಚ್ಚಿನವರು ಒಕ್ಕಲಿಗ ಮತ್ತಿತರ ರೈತ ಸಮುದಾಯದವರು, ರಾಮನಗರದ ರೀಲರುಗಳಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇವರಿಬ್ಬರೂ ಪ್ರತಿದಿನ ಮುಖಾಮುಖಿಯಾಗುತ್ತಾರೆ. ಬೆಲೆಗಾಗಿ ಜಗ್ಗಾಡುತ್ತಾರೆ, ಮುನಿಯುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ಒಬ್ಬರಿಲ್ಲದೆ ಮತ್ತೊಬ್ಬರ ಒಲೆ ಉರಿಯದು. ಇದನ್ನು ಸೌಹಾರ್ದವೆಂದು ಭಾಷಣದಲ್ಲಿ ಹೇಳುವ ಅಗತ್ಯ ಅವರಿಗೆ ಬೀಳುವುದಿಲ್ಲ. ಇದರ ಚರಿತ್ರೆಯನ್ನು ಬರೆಯುವವರು ಬೇಕಾಗಿದ್ದಾರೆ.

ಸತ್ಯವಿಲ್ಲವೆಂದರೆ ಸೋಲುವವರು ಯಾರು?

ಇಷ್ಟರವರೆಗೆ ಆಧುನಿಕೋತ್ತರವಾದ ನಮಗೆ ಸಹಾಯ ಮಾಡಿದೆ. ಇನ್ನು ಅದರ ಅಪಾಯದ ಮುಖವನ್ನು ನೋಡಬೇಕು. ಎಲ್ಲ ಚರಿತ್ರೆಯೂ ಕಥೆಯೇ ಎಂದಾದರೆ ಯಾರು ಬೇಕಾದರೂ ಯಾವ ಕಥೆಯನ್ನಾದರೂ ಚರಿತ್ರೆಯೆನ್ನಬಹುದು. ಆಗ ಗೆಲ್ಲುವುದು ಹೆಚ್ಚು ಧ್ವನಿವರ್ಧಕಗಳಿರುವವರ ಕಥೆ.

ಕೆಲವು ವರ್ಷಗಳ ಹಿಂದೆ ಹಳೇ ಮೈಸೂರು ಭಾಗದಲ್ಲಿ, ಟಿಪ್ಪು ಸುಲ್ತಾನರನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಪ್ರಚಾರ ಜೋರಾಗಿ ನಡೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕಂಪನಿಯ ಸೈನ್ಯದೊಡನೆ ಹೋರಾಡುತ್ತ ಟಿಪ್ಪು ಮಡಿದರೆಂಬುದು ಸಮಕಾಲೀನ ದಾಖಲೆಗಳ ಮಾತು. ಆ ದಾಖಲೆಗಳನ್ನು ಬರೆದವರು ಟಿಪ್ಪುವಿನ ಶತ್ರುಗಳೇ. ಆದರೂ ಹೊಸ ಕಥೆ ರಂಗಕ್ಕೆ ಬಂತು. 2023ರ ಮಾರ್ಚ್‌ನಲ್ಲಿ ಮಂಡ್ಯದ ಸ್ವಾಗತ ಕಮಾನಿನ ಮೇಲೂ ಆ ಹೆಸರುಗಳು ಕಾಣಿಸಿಕೊಂಡವು. ಅದೇ ತಿಂಗಳು ಅವರ ಕುರಿತು ಚಲನಚಿತ್ರವನ್ನೂ ಘೋಷಿಸಲಾಯಿತು. ಆ ಕಥೆ ಬೇರೂರಿದ್ದರೆ ಆಗುತ್ತಿದ್ದ ಹಾನಿ ಒಬ್ಬ ಸುಲ್ತಾನನ ಕೀರ್ತಿಗೆ ಮಾತ್ರವಲ್ಲ. ಗೂಡು ತರುವ ಗೌಡರಿಗೂ ಗೂಡು ಕೊಳ್ಳುವ ಸಾಹೇಬರಿಗೂ ನಡುವೆ ಇನ್ನೂರು ವರ್ಷಗಳ ಹಿಂದಿನ ಒಂದು ಕಲ್ಪಿತ ರಕ್ತದ ಲೆಕ್ಕ ಬಂದು ನಿಲ್ಲುತ್ತಿತ್ತು.

ಅದನ್ನು ತಡೆದವರು ಯಾರು? ಒಕ್ಕಲಿಗ ಸಮುದಾಯದ ಗುರುಪೀಠವಾದ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು. ಐತಿಹಾಸಿಕ ಆಧಾರ, ಶಾಸನ, ದಾಖಲೆಗಳಿಲ್ಲದೆ ಇಂಥ ವಿಷಯವನ್ನು ಮುಂದುವರಿಸಬಾರದೆಂಬುದು ಅವರ ನಿಲುವಾಗಿತ್ತು. ಚಲನಚಿತ್ರದ ಯೋಜನೆ ಕೈಬಿಡಲಾಯಿತು. ಇಲ್ಲಿ ಕೆಲಸಕ್ಕೆ ಬಂದದ್ದು "ಅವರ ಸತ್ಯ ಅವರಿಗೆ, ನಮ್ಮ ಸತ್ಯ ನಮಗೆ" ಎಂಬ ಮಾತಲ್ಲ. ತಮ್ಮ ಸಮುದಾಯವನ್ನು ವೀರರನ್ನಾಗಿ ತೋರಿಸುವ ಕಥೆಗೂ ಆಧಾರ ಕೇಳಿದ ಒಬ್ಬ ಮಠಾಧೀಶರ ವಿವೇಕ. ಈ ವಿವೇಕಕ್ಕೆ ನಾವು ಕೃತಜ್ಞರಾಗಿರಬೇಕು. ನಮ್ಮ ಬಗ್ಗೆ ಹೊಗಳಿಕೆಯ ಸುಳ್ಳು ಬಂದಾಗ ನಾವೂ ಅದೇ ಪ್ರಶ್ನೆಯನ್ನು ಕೇಳುವಂತಾಗಬೇಕು.

ನಮ್ಮ ಪರಂಪರೆಯ ಅಳತೆಗೋಲು

"ಹೇಳಿದವರು ಯಾರು?" ಎಂಬ ಪ್ರಶ್ನೆ ಮುಸ್ಲಿಮರಿಗೆ ಹೊಸತಲ್ಲ. ಅಪ್ರಾಮಾಣಿಕನೊಬ್ಬ ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂದೂ, ಇಲ್ಲವಾದರೆ ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದೂ ಅಲ್ ಹುಜುರಾತ್ ಅಧ್ಯಾಯದ 6ನೆಯ ಸೂಕ್ತ ಎಚ್ಚರಿಸುತ್ತದೆ. ಈ ಆದೇಶದ ನೆರಳಿನಲ್ಲಿ ಹದೀಸ್ ವಿದ್ವಾಂಸರು ಒಂದು ಶಾಸ್ತ್ರವನ್ನೇ ಬೆಳೆಸಿ ಅದನ್ನು ವ್ಯವಸ್ಥಿತಗೊಳಿಸಿದರು. ಪ್ರವಾದಿ(ಸ)ರ ಮಾತೆಂದು ಯಾರಾದರೂ ಹೇಳಿದರೆ ಅದನ್ನು ಅವರಿಗೆ ತಿಳಿಸಿದವರು ಯಾರು, ಆ ವ್ಯಕ್ತಿಗೆ ತಿಳಿಸಿದವರು ಯಾರು, ಇವರಿಬ್ಬರೂ ಭೇಟಿಯಾಗಿದ್ದು ಸಾಧ್ಯವೇ, ಅವರ ನೆನಪಿನ ಶಕ್ತಿ ಹೇಗಿತ್ತು, ನಡತೆ ಹೇಗಿತ್ತು ಎಂದು ವಿಚಾರಿಸಿದರು. ಇದೇ ಸನದು. ಇಮಾಮ್ ಬುಖಾರಿ(ರ) ಮತ್ತು ಇಮಾಮ್ ಮುಸ್ಲಿಮ್(ರ) ಒಂಬತ್ತನೆಯ ಶತಮಾನದಲ್ಲಿ ಈ ಜರಡಿಯಲ್ಲಿ ಅಸಂಖ್ಯ ವರದಿಗಳನ್ನು ಸೋಸಿದರು. ಭಕ್ತಿಯನ್ನು ಹೆಚ್ಚಿಸುವ ಮಾತೆಂದ ಮಾತ್ರಕ್ಕೆ ದುರ್ಬಲ ವರದಿಯನ್ನು ಪ್ರಬಲವೆಂದು ಅವರು ಒಪ್ಪಲಿಲ್ಲ.

ಇಬ್ನು ಖಲ್ದೂನ್ 1377ರಲ್ಲಿ ಬರೆದ 'ಮುಕದ್ದಿಮ'ದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಪ್ರವಾದಿ ಮೂಸಾ(ಅ)ರ ಕಾಲದಲ್ಲಿ ಇಸ್ರಾಯೀಲರ ಸೈನ್ಯ ಆರು ಲಕ್ಷವಿತ್ತೆಂದು ಮಸ್‌ಊದಿಯಂಥ ಇತಿಹಾಸಕಾರರು ಬರೆದದ್ದನ್ನು ಅವರು ಪ್ರಶ್ನಿಸಿದರು. ಅಷ್ಟು ಜನರನ್ನು ಪೊರೆಯುವ ನೆಲವಿತ್ತೇ? ಅಷ್ಟು ದೊಡ್ಡ ಸೈನ್ಯ ಒಂದು ರಣರಂಗದಲ್ಲಿ ನಿಲ್ಲಬಲ್ಲದೇ? ಹೇಳಿದವನ ಪ್ರಾಮಾಣಿಕತೆಯ ಜೊತೆಗೆ ಹೇಳಿದ ಸಂಗತಿಯ ಸಾಧ್ಯತೆಯನ್ನೂ ಅಳೆಯಬೇಕೆಂದರು. ಪಕ್ಷಪಾತ, ಅಧಿಕಾರಸ್ಥರ ಓಲೈಕೆ, ಸಮಾಜದ ನಿಯಮಗಳ ಅಜ್ಞಾನ ಇವೇ ಇತಿಹಾಸದಲ್ಲಿ ಸುಳ್ಳು ನುಸುಳಲು ಕಾರಣವೆಂದು ಪಟ್ಟಿ ಮಾಡಿದರು. ಅಧಿಕಾರ ಮತ್ತು ಜ್ಞಾನದ ನಂಟನ್ನು ಆರು ಶತಮಾನಗಳ ಹಿಂದೆಯೇ ಗುರುತಿಸಿದ ಮಾತಿದು.

ಸಂದೇಹದ ಅನುಭವವೂ ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಇಮಾಮ್ ಗಝ್ಝಾಲಿ(ರ) ತಮ್ಮ ಆತ್ಮಕಥನದಲ್ಲಿ, ಇಂದ್ರಿಯಗಳನ್ನೂ ತರ್ಕವನ್ನೂ ನಂಬಲಾಗದ ಸ್ಥಿತಿಯಲ್ಲಿ ತಾವು ಸುಮಾರು ಎರಡು ತಿಂಗಳು ಕಳೆದುದನ್ನು ಮರೆಮಾಚದೆ ಬರೆದಿದ್ದಾರೆ. ಅವರು ಅಲ್ಲಿಯೇ ನಿಲ್ಲಲಿಲ್ಲ, ಅಲ್ಲಾಹನು ಹೃದಯಕ್ಕೆ ಕೊಟ್ಟ ಬೆಳಕಿನಿಂದ ತಾವು ಹೊರಬಂದುದನ್ನೂ ತಿಳಿಸುತ್ತಾರೆ. ಪ್ರಶ್ನೆ ಕೇಳುವ ಮಗನನ್ನೋ ಮಗಳನ್ನೋ ಗದರಿಸಿ ಬಾಯಿ ಮುಚ್ಚಿಸುವ ತಂದೆತಾಯಿಯರು ಈ ಪ್ರಸಂಗವನ್ನು ಓದಬೇಕು.

ಹೀಗೆ ನಮ್ಮ ವಿದ್ವಾಂಸರು ನಿರೂಪಕನನ್ನು ಸಂದೇಹಿಸಿದ್ದು ಸತ್ಯವನ್ನು ತಲುಪುವುದಕ್ಕಾಗಿ. ಆಧುನಿಕೋತ್ತರವಾದದ ಅತಿರೇಕಿಗಳು ಸಂದೇಹಿಸುವುದು ಸತ್ಯವನ್ನೇ ಕೈಬಿಡುವುದಕ್ಕಾಗಿ. ಅಕ್ಬರ್ ಎಸ್. ಅಹ್ಮದ್ 1992ರ ತಮ್ಮ ಕೃತಿಯಲ್ಲಿ ಆಧುನಿಕೋತ್ತರವಾದವು ಮುಸ್ಲಿಮರಿಗೆ ಸಂಕಟವನ್ನೂ ಭರವಸೆಯನ್ನೂ ಒಟ್ಟಿಗೆ ತಂದಿದೆಯೆಂದು ಗುರುತಿಸಿದ್ದರು. ಮೂರು ದಶಕಗಳ ಬಳಿಕವೂ ಆ ಮಾತು ಹಳತಾಗಿಲ್ಲ.

ಮನೆಯಿಂದಲೇ ಆರಂಭ

ಇದೆಲ್ಲವೂ ವಿದ್ವಾಂಸರ ಚರ್ಚೆಯೆಂದು ಬದಿಗಿಡುವಂತಿಲ್ಲ. ಚನ್ನಪಟ್ಟಣದಲ್ಲಿ ಚರಕಿಯ ಮುಂದೆ ಕುಳಿತ ಹಿರಿಯರಿದ್ದಾರೆ. ರಾಮನಗರದಲ್ಲಿ ಬಾಲ್ಯದಿಂದಲೇ ಗೂಡು ಬೇಯಿಸುವ ವಾಸನೆಯ ನಡುವೆ ಬೆಳೆದು, ಬಿಸಿನೀರಿಗೆ ಬೆರಳು ಸವೆಸಿದ ತಾಯಂದಿರಿದ್ದಾರೆ. ಅವರ ನೆನಪುಗಳು ಯಾವ ಗೆಜೆಟಿಯರಿನಲ್ಲೂ ಇಲ್ಲ. ನಮ್ಮ ಮಕ್ಕಳು ಅದೇ ಮೊಬೈಲಿನಲ್ಲಿ ಅಜ್ಜಿಯ ಮಾತನ್ನು ಧ್ವನಿಮುದ್ರಿಸಲಿ. ಹೇಳಿದವರ ಹೆಸರು, ದಿನಾಂಕ, ಅವರು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆಬೇರೆಯಾಗಿ ಬರೆದಿಡಲಿ. ಸನದಿನ ಶಿಸ್ತು ಇದೇ. ಗೌಡರ ಮನೆಯ ಹಿರಿಯರನ್ನೂ ಕೇಳಿ ಅವರ ನೆನಪನ್ನು ಪಕ್ಕದಲ್ಲಿಟ್ಟು ಹೋಲಿಸಲಿ. ಮನುಷ್ಯರನ್ನು ಜನಾಂಗಗಳನ್ನಾಗಿಯೂ ಗೋತ್ರಗಳನ್ನಾಗಿಯೂ ಮಾಡಿದ್ದು ಪರಸ್ಪರ ಅರಿಯುವುದಕ್ಕಾಗಿ ಎಂಬ ದಿವ್ಯ ಬೋಧನೆಗೆ ಇಂಥ ಕೆಲಸವೇ ಅರ್ಥ ಕೊಡುತ್ತದೆ.

ಹಾಗೆಯೇ ಒಂದು ವರದಿ ಬಂದಾಗ, ಅದು ನಮ್ಮನ್ನು ಹೊಗಳಲಿ ತೆಗಳಲಿ, ಮುಂದಕ್ಕೆ ಕಳುಹಿಸುವ ಮೊದಲು ಹೇಳಿದವರು ಯಾರು, ಅವರಿಗೆ ತಿಳಿದದ್ದು ಹೇಗೆ, ನಡೆದಿರಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳನ್ನು ಕೇಳೋಣ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಮಹಾಕಥನಗಳನ್ನು ಪ್ರಶ್ನಿಸುವ ಧೈರ್ಯವನ್ನೂ, ಸತ್ಯದ ಮುಂದೆ ತಲೆಬಾಗುವ ವಿನಯವನ್ನೂ, ನಮಗೆ ವಿರುದ್ಧವಾದರೂ ನ್ಯಾಯವನ್ನೇ ನುಡಿಯುವ ಶಕ್ತಿಯನ್ನೂ ಅಲ್ಲಾಹನು ನಮಗೆ ಮತ್ತು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.